ಹನ್ನೊಂದು ದಿನಗಳ ನೀರಿನ ಮಟ್ಟ

ಭೈರುಂಬೆ,
೧೮ ಆಗಸ್ಟ್ ೨೦೨೫

ಚಿರಂಜೀವಿ ಶಾಜಿಯಾಳಿಗೆ,

ಮಡಿವಾಳಪ್ಪ ಮಾಸ್ತರನ ಆಶೀರ್ವಾದಗಳು. ಹೀಗೆ ಬರೆಯುವ ಯೋಗ್ಯತೆ ನನಗಿನ್ನೂ ಇದೆಯೇ ಎಂಬುದನ್ನು ಪತ್ರ ಓದಿದ ಮೇಲೆ ನೀನೇ ನಿರ್ಧರಿಸು.

ಕಳೆದ ವಾರ ಯಲ್ಲಾಪುರದ ಬಸ್ ನಿಲ್ದಾಣದ ಬಳಿ ನಿನ್ನ ತಂದೆ ಗನಿ ಸಾಹೇಬರು ಸಿಕ್ಕಿದರು. ಲಾರಿ ನಿಲ್ಲಿಸಿ ಇಳಿದು ಬಂದು, "ನಮ್ ಹುಡುಗಿ ಯುನಿವರ್ಸಿಟಿ ಬಿಟ್ಟು ಬಂದು ಮನ್ಯಾಗ ಕುಂತಾಳ್ರಿ ಮಾಸ್ತರ. ಯಾಕಂತ ಕೇಳಿದ್ರ ಬಾಯಿ ಬಿಡಂಗಿಲ್ಲ. ನಿಮ್ ಮಾತಾದ್ರ ಕೇಳ್ತಾಳ, ಒಮ್ಮೆ ಬಂದು ಬುದ್ಧಿ ಹೇಳ್ರಿ" ಎಂದರು. ಬರುತ್ತೇನೆ ಎಂದೆ. ಬರಲಿಲ್ಲ. ಯಾರಿಗೆ ಯಾರು ಬುದ್ಧಿ ಹೇಳುವುದು?

ನೀನು ಜಲಸಂಪನ್ಮೂಲ ವಿಜ್ಞಾನದ ಸಂಶೋಧನೆಗೆ ಈ ಊರಿನ ಸಾರ್ವಜನಿಕ ಬಾವಿಯನ್ನು ಆರಿಸಿಕೊಂಡು ಬಂದ ದಿನ ನನಗಾದ ಹೆಮ್ಮೆಯನ್ನು ಬಚ್ಚಿಡಲಾರೆ. ದಿನವೂ ಬೆಳಗ್ಗೆ ಏಳಕ್ಕೆ ಕಟ್ಟೆಯಿಂದ ನೀರಿನವರೆಗಿನ ಆಳವನ್ನು ಅಳೆದು ಬರೆದಿಡುವ ಕೆಲಸವನ್ನು ನನಗೆ ಒಪ್ಪಿಸಿದೆ. ಅಳತೆಯ ಟೇಪನ್ನೂ ದಿನಕ್ಕೊಂದು ಮನೆಯಂತೆ ಗೆರೆ ಎಳೆದ ಪುಸ್ತಕವನ್ನೂ ಕೈಗಿತ್ತು, "ಅಳೀಲಾರದ ದಿನ ಖಾಲಿ ಬಿಡ್ರಿ ಮಾಸ್ತರ. ಅಂದಾಜು ಮಾತ್ರ ಬರೀಬ್ಯಾಡ್ರಿ" ಎಂದೆ. ನಾನು ಮುಖ ಗಂಟಿಕ್ಕಿದ್ದನ್ನು ಕಂಡು, "ನಮ್ಮ ಅಂದಾಜಿಗೆಲ್ಲ ನೀವು ಸೊನ್ನಿ ಹಾಕ್ತಿದ್ರಿ, ಈಗ ನನ್ನ ಪಾಳಿ" ಎಂದು ನಕ್ಕೆ. ವರದಿ ಒಪ್ಪಿಗೆಯಾದರೆ ನೀರು ಸರಬರಾಜು ಸಂಸ್ಥೆಯೊಂದರಲ್ಲಿ ತರಬೇತಿ ಸಂಶೋಧಕಿಯಾಗಿ ಸೇರುವವಳಿದ್ದೆ. ನಿಮ್ಮ ತರಗತಿಗೆ ಇದ್ದದ್ದು ಒಂದೇ ಸ್ಥಾನ. ಅದು ನಿನಗೆ ಬಹುತೇಕ ಖಚಿತವಾಗಿತ್ತು.

ಮೇ ತಿಂಗಳಲ್ಲಿ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆಂದು ಶಿರಸಿಗೆ ಹೋದವನು ಹನ್ನೊಂದು ದಿನ ಅಲ್ಲೇ ಉಳಿದೆ. ಹಿಂದಿರುಗಿ ಪುಸ್ತಕ ತೆರೆದರೆ ಹನ್ನೊಂದು ಮನೆಗಳು ಖಾಲಿ. ಮೂವತ್ತನಾಲ್ಕು ವರ್ಷ ಹಾಜರಿ ಪುಸ್ತಕ ಬರೆದವನು ನಾನು. ಖಾಲಿ ಮನೆ ಬಿಟ್ಟ ಸಹಶಿಕ್ಷಕರನ್ನು ಮಕ್ಕಳೆದುರೇ ಗದರಿದವನು. ಶಿರಸಿಗೆ ಹೊರಟ ದಿನದ ಆಳ ಆರು ಮೀಟರ್ ನಲವತ್ತು ಸೆಂಟಿಮೀಟರ್. ಬಂದ ಮೇಲೆ ಅಳೆದದ್ದು ಆರು ಮೀಟರ್ ಅರವತ್ತನಾಲ್ಕು. ವ್ಯತ್ಯಾಸವನ್ನು ದಿನಕ್ಕೆ ಎರಡು ಸೆಂಟಿಮೀಟರಿನಂತೆ ಹಂಚಿ, ಮುದ್ದಾದ ಅಕ್ಷರಗಳಲ್ಲಿ ತುಂಬಿದೆ. ತುಂಬಿದ ಹಾಳೆಯನ್ನು ನೋಡಿ ನೆಮ್ಮದಿಯಾಯಿತು. ಜೂನಿನಲ್ಲಿ ನೀನು ಬಂದು ಪುಸ್ತಕ ಒಯ್ದಾಗಲೂ ಹೇಳಲಿಲ್ಲ.

ಮಳೆಗಾಲಕ್ಕೆ ಮುನ್ನ ಬಾವಿಯ ಹೂಳು ತೆಗೆಯುವುದು ಇಲ್ಲಿಯ ವಾಡಿಕೆ. ಈ ಸಲ ಆ ಕೆಲಸ ನಾನಿಲ್ಲದ ದಿನಗಳಲ್ಲೇ ನಡೆಯಿತು. ಪಂಪು ಹಚ್ಚಿ ಬಾವಿಯನ್ನು ಬರಿದು ಮಾಡಿದ್ದರು. ತೆಗೆದ ಹೂಳನ್ನು ಗದ್ದೆಗಳಿಗೆ ಸಾಗಿಸಿದ್ದರಿಂದ ನನ್ನ ಕಣ್ಣಿಗೆ ಏನೂ ಬೀಳಲಿಲ್ಲ. ಕೇಳಿದ್ದರೆ ಯಾರಾದರೂ ಹೇಳುತ್ತಿದ್ದರು. ನಾನು ಕೇಳಲಿಲ್ಲ.

ಜುಲೈಯಲ್ಲಿ ನಿನ್ನ ಮಾರ್ಗದರ್ಶಕರಾದ ಪ್ರಾಧ್ಯಾಪಕ ರವೀಂದ್ರರು ಆ ಸಂಸ್ಥೆಯ ಎಂಜಿನಿಯರರೊಬ್ಬರನ್ನು ಕರೆದುಕೊಂಡು ಸ್ಥಳಪರಿಶೀಲನೆಗೆ ಬಂದಾಗ ನಾನು ಊರಲ್ಲಿರಲಿಲ್ಲ. ಬಾವಿಯ ಪಕ್ಕದ ಮನೆಯ ನಾಗಪತಿ ಅವರಿಗೆ ಚಹಾ ಕೊಟ್ಟು, ಅವರು ತೋರಿಸಿದ ಅಂಕಿಗಳನ್ನು ನೋಡಿ, ಹೂಳು ತೆಗೆದದ್ದೂ ಸೇರಿ ಬಾವಿಯ ಕಥೆಯನ್ನೆಲ್ಲ ಹೇಳಿದ್ದಾನೆ. ಸಂಜೆ ನನ್ನನ್ನು ಕಂಡೊಡನೆ, "ಎಂತ ಮಾಸ್ತರೇ, ಮೂರು ದಿನ ಬಾವೀಲಿ ಕೆಸರು ಬಿಟ್ರೆ ಎಂತದೂ ಇತ್ತಿಲ್ಲೆ. ನೀವು ಶಿರಸೀಲಿ ಮಲಗಿ ಇಲ್ಲಿ ನೀರು ಅಳೆದ್ರಾ? ಕಣ್ಣಿನ ಡಾಕ್ಟ್ರು ಭಾರೀ ಚಲೋ ಕೆಲಸ ಮಾಡಿದ್ದ!" ಎಂದು ನಕ್ಕ. ನನಗೆ ನಗು ಬರಲಿಲ್ಲ.

ಮರುದಿನವೇ ರವೀಂದ್ರರ ದೂರವಾಣಿ ಕರೆ ಬಂತು. ಎಲ್ಲ ದಿನಗಳ ಅಳತೆಯನ್ನೂ ಖುದ್ದಾಗಿ ತೆಗೆದುಕೊಂಡಿರಾ ಎಂದು ವಿನಯದಿಂದಲೇ ಕೇಳಿದರು. ಶಾಜಿಯಾ, ನಾಗಪತಿಯ ಮಾತು ಕೇಳಿದ ಮೇಲೆಯೂ, ಸತ್ಯ ತಿಳಿದೂ ತಿಳಿದೂ, "ಒಂದು ದಿನವೂ ತಪ್ಪಿಲ್ಲ" ಎಂದೆ. ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಸುಳ್ಳು ಬರೆದ ಮಾಸ್ತರ ಎನಿಸಿಕೊಳ್ಳಲು ಧೈರ್ಯ ಸಾಲಲಿಲ್ಲ. ಬೆರಳಚ್ಚಿನ ದೋಷವೆಂದು ಬಗೆದು ಬಿಟ್ಟುಬಿಡುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಂಕಿಗಳನ್ನು ನೀನೇ ಹುಟ್ಟಿಸಿದೆ ಎಂದು ಅವರು ತಿಳಿಯಬಹುದೆಂಬ ಯೋಚನೆ ಬರಲಿಲ್ಲ ಎಂದರೆ ಅದೂ ಸುಳ್ಳೇ. ಬಂದಿತ್ತು.

ಇಂದು ರವೀಂದ್ರರಿಗೆ ಎಲ್ಲವನ್ನೂ ಬರೆದು, ಸಹಿ ಮಾಡಿ ಕಳುಹಿಸಿದ್ದೇನೆ. ಪುಸ್ತಕ ನಿನ್ನ ಬಳಿ ಇದೆ. ಹನ್ನೊಂದು ಸಾಲುಗಳ ಕೈಬರಹ ಯಾರದೆಂದು ಯಾರಾದರೂ ಗುರುತಿಸಬಲ್ಲರು. ಅದನ್ನು ಅವರ ಮೇಜಿನ ಮೇಲಿಡು. ನನ್ನ ಮರ್ಯಾದೆಯ ಚಿಂತೆ ಬೇಡ.

ನಿನ್ನ ಗುರು ಎಂದು ಸಹಿ ಮಾಡಲು ಕೈ ಬರುವುದಿಲ್ಲ.

ಇತಿ,
ಮಡಿವಾಳಪ್ಪ

ತಾ.ಕ.: ರವೀಂದ್ರರ ಉತ್ತರ ಬಂದ ಮೇಲೆ ಅಂಚೆಗೆ ಹಾಕೋಣವೆಂದು ಈ ಪತ್ರವನ್ನು ಹತ್ತು ದಿನ ಇಟ್ಟುಕೊಂಡೆ. ಇಂದು ಉತ್ತರ ಬಂತು. ನನ್ನೊಡನೆ ಮಾತಾಡಿದ ಮೇಲೆ ಅವರು ನಿನ್ನನ್ನು ಕರೆಸಿ, ಮಾಸ್ತರರು ಹೀಗೆನ್ನುತ್ತಾರೆ ಎಂದರಂತೆ. ನೀನು, "ಹಾಗಾದ್ರೆ ಮಾಸ್ತರರು ಅಳೆದದ್ದೇ ಸರಿ. ಅಂಕಿಗಳನ್ನು ಕಂಪ್ಯೂಟರಿಗೆ ಏರಿಸುವಾಗ ನಾನೇ ತಿದ್ದಿದೆ, ಪುಸ್ತಕ ಕಳೆದುಹೋಗಿದೆ" ಎಂದು ಬರೆದು ಸಹಿ ಹಾಕಿದೆಯಂತೆ. ಈಗ ಅವರಿಗೆ ನಾನು ಬರೆದದ್ದನ್ನು ನಂಬಿದರೆ ನಿನ್ನ ಹೇಳಿಕೆ ಸುಳ್ಳಾಗುತ್ತದೆ. ಅಂಕಿ ತಿದ್ದಿದವಳನ್ನು ಮಾತ್ರವಲ್ಲ, ಸುಳ್ಳು ಹೇಳಿಕೆಗೆ ಸಹಿ ಹಾಕಿದವಳನ್ನೂ ಸಂಸ್ಥೆ ತೆಗೆದುಕೊಳ್ಳುವುದಿಲ್ಲ. ಸ್ಥಾನ ಆಗಲೇ ಬೇರೊಬ್ಬರಿಗೆ ಹೋಗಿದೆ. ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ನಾನೇ ತಂದು ನಿನ್ನ ತಂದೆಯೆದುರು ಓದುತ್ತೇನೆ. ಅದರಿಂದ ನಿನಗೆ ಏನೂ ಮರಳಿ ಬರುವುದಿಲ್ಲವೆಂಬುದು ನನಗೆ ಗೊತ್ತು.