ಕೋಟಿನಂಚಿನ ಸಂಸಾರ

ಜೂನ್ 3. ಮಧ್ಯಾಹ್ನ

ಡ್ಯೂಟಿಯ ಕೋಟಿಗೆ ಸಾಮಾನು ತುಂಬಿಸಿದ್ದಾಯಿತು. ಎಡಜೇಬಿಗೆ ಬೆರಳುದ್ದದ ಟಾರ್ಚು, ಸೇಫ್ಟಿ ಪಿನ್ನು, ಬ್ಯಾಂಡೇಜು. ಬಲಜೇಬಿಗೆ ಸೂಜಿ-ದಾರ, ಚಿಕ್ಕ ಕತ್ತರಿ, ತಲೆನೋವಿನ ಮಾತ್ರೆ. ಒಳಜೇಬಿಗೆ ಕನ್ನಡಕ ರಿಪೇರಿಯ ಸ್ಕ್ರೂಡ್ರೈವರ್, ಒಂದೆರಡು ಬಿಡಿ ಸ್ಕ್ರೂ, ಸೀಟಿ. ಸೀಟಿ ಯಾಕೆ ಎಂದು ಯಾರೂ ಕೇಳಬಾರದು. ಸೀಟಿ ಬೇಕಾಗುವ ದಿನ ಬಂದರೆ ಅವರೇ ಓಡಿ ಬರುತ್ತಾರೆ.

ಹೆಂಡತಿ ಬಾಗಿಲಲ್ಲಿ ನಿಂತು ತಲೆಯಿಂದ ಕಾಲಿನವರೆಗೆ ನೋಡಿದಳು. "ರೀ, ಹೋಟೆಲಿಗೆ ಡ್ಯೂಟಿಗೆ ಹೋಗ್ತಿದ್ದೀರೋ, ಗುಜರಿ ಅಂಗಡಿ ಇಡೋಕೆ ಹೋಗ್ತಿದ್ದೀರೋ?"

ಎಲ್ಲ ಜೇಬನ್ನೂ ಒಮ್ಮೆ ತಟ್ಟಿ ನೋಡಿಕೊಂಡೆ. ದೂರದೃಷ್ಟಿ ಉಳ್ಳವನಿಗೆ ಸ್ವಂತ ಮನೆಯಲ್ಲಿ ಮರ್ಯಾದೆ ಸಿಕ್ಕ ನಿದರ್ಶನ ಚರಿತ್ರೆಯಲ್ಲೇ ಇಲ್ಲ.

ಜೂನ್ 4

ಹೊಸ ಜನರಲ್ ಮ್ಯಾನೇಜರ್ ಬಂದಿದ್ದಾರೆ. ಮೇಡಂ. ನಮ್ಮನ್ನೆಲ್ಲ ಲಾಬಿಯಲ್ಲಿ ಸಾಲಾಗಿ ನಿಲ್ಲಿಸಿ, ಪಾತ್ರೆ ಕೊಳ್ಳುವವರ ಹಾಗೆ ಸುತ್ತ ತಿರುಗಿ ನೋಡಿದರು. ನನ್ನ ಎಡಜೇಬಿಗೆ ಒಂದು ಬೆರಳು ಒತ್ತಿದರು.

"ಇದೇನ್ರೀ?"

"ಟಾರ್ಚು, ಮೇಡಂ."

ಬೆರಳು ಒಳಜೇಬಿನ ಉಬ್ಬಿಗೆ ಸರಿಯಿತು. "ಇದು?"

"ಸೀಟಿ."

ಬೆರಳು ಹಿಂದಕ್ಕೆ ತೆಗೆದರು. "ನೋಡಿ, ನಮ್ಮ ಜನಾನ ನೋಡಿದ್ರೆ ಗೆಸ್ಟಿಗೆ ಎಲ್ಲಾ ಸರಿಯಾಗಿದೆ ಅನ್ನಿಸಬೇಕು. ನಿಮ್ಮನ್ನ ನೋಡಿದ್ರೆ ಏನೋ ಆಗೋದರಲ್ಲಿದೆ ಅನ್ಸುತ್ತೆ."

ಯಾರೋ ಕಿಸಕ್ಕೆಂದರು. ಇಸ್ತ್ರಿ ನಗಲಿಲ್ಲ. ಇಸ್ತ್ರಿ ಎಂದರೆ ನನ್ನ ಜೊತೆಯ ಡ್ಯೂಟಿ ಆಫೀಸರ್. ಅವನ ಬಟ್ಟೆಯಲ್ಲಿ ಸುಕ್ಕು ಕಂಡವರಿಲ್ಲ. ರಾತ್ರಿ ನಿಂತುಕೊಂಡೇ ಮಲಗುತ್ತಾನೆಂಬ ಗುಮಾನಿಯಿದೆ. ನಕ್ಕರೆ ಕಾಲರು ಮುದುಡೀತೆಂದು ನಗಲಿಲ್ಲ, ಅಷ್ಟೇ.

ಸಂಜೆಗೆ ಹುಕುಂ: ಯೂನಿಫಾರ್ಮ್ ಕೋಟುಗಳ ಜೇಬುಗಳನ್ನೆಲ್ಲ ಹೊಲಿದು ಮುಚ್ಚತಕ್ಕದ್ದು. ಕೋಟು ನೀರಿನಂತೆ ಇಳಿಯತಕ್ಕದ್ದು.

ಜೂನ್ 6

ಲಾಬಿ ಮ್ಯಾನೇಜರ್ ತಿಂಗಳ ಕೊನೆಗೆ ನಿವೃತ್ತಿ. ಆ ಜಾಗಕ್ಕೆ ಇಬ್ಬರ ಹೆಸರು: ನಾನು, ಇಸ್ತ್ರಿ. ಇಪ್ಪತ್ತನೇ ತಾರೀಕು ದೊಡ್ಡ ಸಮ್ಮೇಳನ. ಅಲ್ಲಿ ನೋಡಿ ನಿರ್ಧಾರ ಮಾಡುತ್ತಾರಂತೆ.

ಪದವಿಯ ಆಸೆ ನನಗಿಲ್ಲ... ಇದೆ. ಆದರೆ ಅದಕ್ಕಿಂತ ದೊಡ್ಡದು — ಅದು ಹಗಲು ಪಾಳಿ. ಬೆಳಿಗ್ಗೆ ಹೋಗಿ ಸಂಜೆ ಮನೆಗೆ. ಈಗ ಮಗಳು ಶಾಲೆಗೆ ಹೊರಡುವಾಗ ನನಗೆ ನಿದ್ದೆ, ನಾನು ಮನೆ ಸೇರುವಾಗ ಅವಳಿಗೆ ನಿದ್ದೆ. ರಜೆಯೂ ಅವಳಿಗೆ ಶಾಲೆಯಿರುವ ದಿನವೇ. ಮೊನ್ನೆ ಅವಳ ಟೀಚರು ಮನೆಯಲ್ಲಿ ಯಾರ್ಯಾರಿದ್ದೀರಿ ಎಂದು ಕೇಳಿದರಂತೆ.

"ನಾನು, ಅಮ್ಮ, ಅಪ್ಪನ ಚಪ್ಪಲಿ" ಎಂದಳಂತೆ.

ಹೆಂಡತಿ ಇದನ್ನು ನಗುತ್ತಲೇ ಹೇಳಿದಳು. ನಾನೂ ನಕ್ಕೆ. ಆಮೇಲೆ ಎದ್ದು ಹೋಗಿ ನನ್ನ ಚಪ್ಪಲಿಯನ್ನು ಬಾಗಿಲ ಬಳಿ ನೆಟ್ಟಗಿಟ್ಟೆ.

ಜೂನ್ 8

ಬರಿಗೈಯಲ್ಲಿ ಡ್ಯೂಟಿ. ಕೋಟು ಹಾಕಿಕೊಂಡೂ ಬೆತ್ತಲೆ. ಒಬ್ಬ ಗೆಸ್ಟ್ ಅಂಗಿಯ ಗುಂಡಿ ಕೈಯಲ್ಲಿ ಹಿಡಿದು ಬಂದರು.

"ಸೂಜಿ ಇದೆಯಾ?"

"ಇಲ್ಲ ಸಾರ್."

ಆ ಎರಡಕ್ಷರ ನನ್ನ ಬಾಯಿಂದ ಬಂದದ್ದು ಇದೇ ಮೊದಲು. ಮನೆಗೆ ಬಂದ ಮೇಲೂ ನಾಲಿಗೆ ಸಪ್ಪೆ.

ಜೂನ್ 11

ಯುರೇಕಾ!

ಜೇಬು ಮುಚ್ಚಿದರೇನು, ಒಳಗಿನ ಅಸ್ತರು ಇದೆಯಲ್ಲ? ಇವತ್ತು ರಜೆ. ಕೋಟನ್ನು ಮನೆಗೆ ತಂದು, ಕೆಳಗಿನ ಅಂಚು ಬಿಚ್ಚಿ, ಒಂದೊಂದು ಸಾಮಾನನ್ನೂ ಬಟ್ಟೆಯಲ್ಲಿ ಸುತ್ತಿ, ಸುತ್ತಲೂ ಮಲಗಿಸಿ, ಮತ್ತೆ ಹೊಲಿದೆ. ಎಲ್ಲರಿಗೂ ಜಾಗವಾಯಿತು. ಎಡಗಡೆ ರಿಪೇರಿ ಖಾತೆ, ಬಲಗಡೆ ಆರೋಗ್ಯ ಖಾತೆ, ಬೆನ್ನ ಹಿಂದೆ ಟಾರ್ಚು. ಕೂರುವಾಗ ಮಾತ್ರ ಸ್ವಲ್ಪ ವಿವೇಚನೆ ಬೇಕು.

ಹೆಂಡತಿ ದೂರದಿಂದಲೇ ಕೇಳಿದಳು, "ಬೇಕಾದಾಗ ತೆಗೆಯೋದು ಹೇಗೆ?"

"ಕತ್ತರಿಯಿಂದ."

"ಕತ್ತರಿ ಎಲ್ಲಿದೆ?"

"...ಒಳಗೆ."

ಅವಳು ಅಡುಗೆಮನೆಗೆ ಹೋಗಿ ನಕ್ಕಿದ್ದು ಇಲ್ಲಿಗೆ ಕೇಳಿಸಿತು.

ಜೂನ್ 12

ಏನಾಶ್ಚರ್ಯ! ಅಂಚಿನ ಭಾರಕ್ಕೆ ಕೋಟು ನಿಜವಾಗಿಯೂ ನೀರಿನಂತೆ ಇಳಿದಿದೆ. ಮೇಡಂ ಎರಡು ಸಲ ಸುತ್ತು ಹಾಕಿದರು. "ನೋಡಿ, ಜೇಬು ಖಾಲಿ ಮಾಡಿದ್ಮೇಲೆ ಹೇಗೆ ಕೂತಿದೆ! ಎಲ್ಲರೂ ಇವರನ್ನ ನೋಡಿ ಕಲೀರಿ."

ವಿನಯದಿಂದ ತಲೆ ಬಾಗಿಸಿದೆ. ಸೊಂಟ ಬಾಗಿಸಲಿಲ್ಲ. ಬಾಗಿಸಿದರೆ ಸದ್ದು.

ಜೂನ್ 19

ಮಹಾ ಅನಾಹುತ. ನಿನ್ನೆ ನನ್ನ ರಜೆ. ಅದೇ ದಿನ ಸಮ್ಮೇಳನಕ್ಕೆಂದು ಲಾಕರಿನಲ್ಲಿದ್ದ ಎಲ್ಲರ ಕೋಟೂ ಲಾಂಡ್ರಿಗೆ ಹೋಗಿದೆ. ಇವತ್ತು ನನಗೆ ಕೊಟ್ಟ ಕೋಟು ಹಾಕಿಕೊಂಡರೆ ಗಾಳಿಪಟದ ಹಾಗೆ ಹಗುರ. ಲಾಂಡ್ರಿ ಅಕ್ಕನ ಹತ್ತಿರ ಓಡಿದೆ.

"ಅಕ್ಕಾ, ನನ್ನ ಕೋಟು?"

"ಮೈಮೇಲಿದೆಯಲ್ಲ ಸಾರ್."

"ಇದಲ್ಲ ಅಕ್ಕಾ. ನಂದು ಸ್ವಲ್ಪ... ಗಂಭೀರವಾಗಿತ್ತು."

"ಓ, ಆ ಭಾರದ್ದಾ? ಆವಿ ಇಸ್ತ್ರಿಗೆ ನಂಬರ್ ಚೀಟಿ ಎಲ್ಲಾ ಬಿದ್ದುಹೋದ್ವು. ನಿಮ್ಮಿಬ್ಬರದೂ ಒಂದೇ ಅಳತೆ. ಯಾವುದೋ ಒಳ್ಳೆ ಬಟ್ಟೆ ಅಂತ ಇಸ್ತ್ರಿ ಸಾರ್‌ಗೆ ಕೊಟ್ಟೆ. ಅವರಿಗಾದ್ರೆ ಒಪ್ಪುತ್ತೆ."

ಬಾಯಿ ಬಿಟ್ಟು ಕೇಳುವ ಹಾಗಿಲ್ಲ. ಕೇಳಿದರೆ ಒಳಗೇನಿದೆ ಎಂದು ಹೇಳಬೇಕು. ಹೇಳಿದರೆ ಹಗಲು ಪಾಳಿಗೆ ಎಳ್ಳು ನೀರು.

ಇಸ್ತ್ರಿ ಲಾಬಿಯಲ್ಲಿ ಸಿಕ್ಕಿದ. "ಲಾಂಡ್ರೀಲಿ ಏನು ಮಾಡಿದ್ರೋ ಸಾರ್, ಈ ಕೋಟು ಹಾಕ್ಕೊಂಡ್ರೆ ಮನಸ್ಸಿಗೇ ಒಂಥರಾ ಸ್ಥಿರತೆ."

ಇರದೆ ಏನು? ನನ್ನ ಇಡೀ ಸಂಸಾರವನ್ನು ಕಟ್ಟಿಕೊಂಡಿದ್ದಾನೆ.

ಜೂನ್ 21. ಬೆಳಿಗ್ಗೆ

ನಿನ್ನೆಯದನ್ನು ಬರೆಯಲೇಬೇಕು. ಬರೆಯಲು ಕೈ ಬರುತ್ತಿಲ್ಲ.

ಸಭಾಂಗಣ ಭರ್ತಿ. ಮುಖ್ಯ ಭಾಷಣಕಾರರು ವಯಸ್ಸಾದ ಡಾಕ್ಟರು. ವೇದಿಕೆಯ ಪರದೆಯ ಹಿಂದೆ ನಾನು, ಇಸ್ತ್ರಿ, ಅವರು. ಹೆಸರು ಕೂಗಲು ಇನ್ನೇನು ಸ್ವಲ್ಪ ಹೊತ್ತು, ಅಷ್ಟರಲ್ಲಿ ಡಾಕ್ಟರು ಕನ್ನಡಕ ಒರೆಸುವಾಗ ಕಡ್ಡಿ ಕಳಚಿ ಕೈಗೆ ಬಂತು. ಸ್ಕ್ರೂ ಕಾರ್ಪೆಟ್ಟಿನಲ್ಲಿ ಮಾಯ.

"ಟೇಪ್ ತರಿಸ್ತೀನಿ ಸಾರ್" ಎಂದ ಇಸ್ತ್ರಿ, ಮುಗುಳ್ನಗುತ್ತ.

ಟೇಪು ಸ್ಟೋರಿನಲ್ಲಿ. ಸ್ಟೋರು ನೆಲಮಾಳಿಗೆಯಲ್ಲಿ. ಡಾಕ್ಟರು ಭಾಷಣದ ಹಾಳೆಯನ್ನು ಮೂಗಿಗೆ ತಾಗಿಸಿಕೊಂಡು ನೋಡಿದರು, ದೂರ ಹಿಡಿದು ನೋಡಿದರು. "ಇನ್ನೊಂದು ಕನ್ನಡಕ ತಗೊಂಡು ಹೋಗಿ ಅಂತ ನಮ್ಮನೆಯವಳು ಬಡ್ಕೊಂಡ್ಲು" ಎಂದರು, ಯಾರಿಗೋ ಅಲ್ಲ, ಹಾಳೆಗೆ. ಹಾಳೆ ನಡುಗುತ್ತಿತ್ತು.

ಬಿಡಿ ಸ್ಕ್ರೂ ಎಲ್ಲಿದೆ ಎಂದು ಆ ಕಟ್ಟಡದಲ್ಲಿ ಗೊತ್ತಿದ್ದವನು ನಾನೊಬ್ಬನೇ. ಇಸ್ತ್ರಿಯ ಎಡತೊಡೆಯ ಮೇಲೆ, ಅಂಚಿನಲ್ಲಿ. ಸುಮ್ಮನಿದ್ದರೆ ನನಗೇನೂ ನಷ್ಟವಿಲ್ಲ. ಸುಮ್ಮನಿರಬೇಕೆಂದೇ ನಿಂತಿದ್ದೆ. ಮಗಳ ನೆನಪೂ ಮಾಡಿಕೊಂಡೆ. ಆ ಹಾಳೆ ನಡುಗುವುದನ್ನು ನಿಲ್ಲಿಸಿದ್ದರೆ ನಿಂತೇ ಇರುತ್ತಿದ್ದೆ.

"ಅಲ್ಲಾಡಬೇಡ ಮಾರಾಯಾ" ಎಂದು ಇಸ್ತ್ರಿಯ ಮುಂದೆ ಮಂಡಿಯೂರಿ, ಕೋಟಿನ ಅಂಚನ್ನು ಹಲ್ಲಿನಿಂದ ಕಚ್ಚಿ ಎಳೆದೆ.

ಗಟ್ಟಿ ಹೊಲಿಗೆ. ನನ್ನದೇ. ದಾರವನ್ನು ಎರಡೆಳೆ ಹಾಕಿದ್ದೆ.

ಪರದೆ ಸರಿಯಿತು. ಮೇಡಂ.

"ಇಲ್ಲಿ ಏನು ನಡೀತಿದೆ?"

ಬಾಯ್ತುಂಬ ಕೋಟು. ಇನ್ನೂ ಗಟ್ಟಿಯಾಗಿ ಎಳೆದೆ. ಇಸ್ತ್ರಿ ಅಲ್ಲಾಡಲಿಲ್ಲ. "ಒಂದು ನಿಮಿಷ ಮೇಡಂ, ಸರಿ ಹೋಗುತ್ತೆ" ಎಂದ — ಒಬ್ಬ ಮನುಷ್ಯ ತೊಡೆಯ ಹತ್ತಿರ ಬಟ್ಟೆ ಕಚ್ಚುತ್ತಿರುವುದು ಹೋಟೆಲಿನ ನಿತ್ಯದ ಸೇವೆ ಎಂಬಂತೆ. ಹೊಲಿಗೆ ಹರಿಯಿತು. ಸ್ಕ್ರೂಡ್ರೈವರ್, ಸ್ಕ್ರೂ, ಬೋನಸ್ಸಾಗಿ ಸೀಟಿ, ಎಲ್ಲ ಮೇಡಂ ಪಾದದ ಬಳಿ.

ಕನ್ನಡಕ ಜೋಡಿಸಿದೆ. ಡಾಕ್ಟರು ನನ್ನ ಭುಜ ತಟ್ಟಿ ಬೆಳಕಿಗೆ ಹೋದರು. ಭಾಷಣ ಚೆನ್ನಾಗಿತ್ತಂತೆ. ನನಗೆ ಒಂದು ಪದವೂ ಕೇಳಿಸಲಿಲ್ಲ.

ಜೂನ್ 24

ಮೇಡಂ ಛೇಂಬರಿಗೆ ಕರೆದರು. ಟೇಬಲ್ಲಿನ ಮೇಲೆ ಆ ಕೋಟು, ಪಕ್ಕದಲ್ಲಿ ನನ್ನ ಸಾಮಾನೆಲ್ಲ ಸಾಲಾಗಿ. ಶವಪರೀಕ್ಷೆಯಾದಂತಿತ್ತು. ಇಸ್ತ್ರಿಯೂ ಇದ್ದ.

"ಲಾಬಿ ಮ್ಯಾನೇಜರ್ ಇವರು" ಎಂದು ಇಸ್ತ್ರಿಯನ್ನು ತೋರಿಸಿದರು. "ಬೇರೆ ಯಾರಾದ್ರೂ ಆಗಿದ್ರೆ ಕಿರುಚಿಕೊಂಡು ಓಡ್ತಿದ್ರು. ಇವರ ಮುಖದಲ್ಲಿ ನಗು ಹೋಗಲಿಲ್ಲ."

ನ್ಯಾಯ. ನಾನೇ ತೀರ್ಪುಗಾರನಾಗಿದ್ದರೂ ಅದನ್ನೇ ಹೇಳುತ್ತಿದ್ದೆ. ಬಾಗಿಲ ಕಡೆ ತಿರುಗಿದೆ.

"ಎಲ್ಲಿಗೆ ಹೊರಟ್ರಿ? ನಾನಿನ್ನೂ ಮುಗಿಸಿಲ್ಲ. ಈ ಮಹಾಶಯರು ಒಂದು ಮಾತು ಹೇಳ್ತಿದ್ದಾರೆ."

ಇಸ್ತ್ರಿ ಗಂಟಲು ಸರಿಮಾಡಿಕೊಂಡ. "ಮೇಡಂ, ನಾನು ಎಲ್ಲಾ ಸರಿಯಾಗಿದೆ ಅನ್ನೋ ಹಾಗೆ ನಿಲ್ಲಬಲ್ಲೆ. ಆದ್ರೆ ಸರಿ ಮಾಡೋರು ಹಿಂದೆ ಯಾರಾದ್ರೂ ಬೇಕಲ್ಲ. ನನ್ನ ಪಾಳೀಲೇ ಸಾರ್‌ನ ಹಾಕಿಕೊಡಿ."

"ಹಗಲು ಪಾಳಿಗಾ?" ನನ್ನ ದನಿ ನನಗೇ ಚಿಕ್ಕ ಹುಡುಗನದಂತೆ ಕೇಳಿಸಿತು.

"ಹೂಂ. ಒಂದನೇ ತಾರೀಕಿನಿಂದ. ಎರಡು ಹೆಜ್ಜೆ ಹಿಂದೆ ನಿಲ್ಲಬೇಕು. ಜೇಬು ಬಿಚ್ಚಿಸಿಕೊಳ್ಳಿ." ಮೇಡಂ ಸೀಟಿಯನ್ನು ಎರಡು ಬೆರಳಲ್ಲಿ ಎತ್ತಿದರು. "ಮತ್ತೆ ಇದು ಯಾಕೆ ಅಂತ ಈಗಲಾದ್ರೂ ಹೇಳ್ತೀರಾ?"

"ಗೊತ್ತಿಲ್ಲ ಮೇಡಂ."

ಇಸ್ತ್ರಿ ನಕ್ಕುಬಿಟ್ಟ. ಕಾಲರು ಮುದುಡಿತು. ಕಣ್ಣಾರೆ ಕಂಡೆ.

ಜುಲೈ 1. ಸಂಜೆ

ಮನೆಯಲ್ಲಿದ್ದೇನೆ. ಹೊರಗೆ ಇನ್ನೂ ಬೆಳಕಿದೆ. ಈ ಹೊತ್ತಿಗೆ ನಮ್ಮ ಮನೆ ಹೀಗೆ ಕಾಣುತ್ತದೆಂದು ಗೊತ್ತಿರಲಿಲ್ಲ. ಗೋಡೆಯ ಮೇಲೆ ಕಿಟಕಿಯ ಆಕಾರದ ಬಿಸಿಲು. ಪಕ್ಕದ ಮನೆಯಲ್ಲಿ ಯಾರೋ ಹಾರ್ಮೋನಿಯಂ ಕಲಿಯುತ್ತಾರೆ, ಕೆಟ್ಟದಾಗಿ.

ಬಂದು ಮಾಡಿದ ಕೆಲಸ: ನಲ್ಲಿ ಬಿಗಿಮಾಡಿದೆ. ಬಾಗಿಲಿನ ಕೀಲಿಗೆ ಎಣ್ಣೆ ಬಿಟ್ಟೆ. ಅಲುಗಾಡದ ಕುರ್ಚಿಯನ್ನೂ ಒಮ್ಮೆ ಅಲುಗಾಡಿಸಿ ನೋಡಿದೆ. ಹೆಂಡತಿ ಅಡುಗೆಮನೆಯಿಂದ, "ರೀ, ಎಲ್ಲಾ ನೆಟ್ಟಗಿದೆ. ಕೂತ್ಕೊಳ್ಳಿ" ಎಂದಳು.

ಮಗಳು ಹೋಮ್‌ವರ್ಕ್ ಮಾಡುತ್ತಿದ್ದಳು. ಎದುರು ಕೂತೆ. ಪೆನ್ಸಿಲು ಮೊಂಡಾಗಿದೆಯಾ? ಇಲ್ಲ. ಲೆಕ್ಕ ಕಷ್ಟವಾ? ಇಲ್ಲ. ಬೆಳಕು ಸಾಕಾ? ಸಾಕು. ಏನು ಮಾತಾಡುವುದೋ ತಿಳಿಯದೆ ಈ ಡೈರಿ ತೆಗೆದೆ. ಎಲ್ಲದಕ್ಕೂ ಸಿದ್ಧನಾಗಿದ್ದ ಪ್ರಚಂಡ ಪುರುಷ, ಬರಿಯ ಒಂದು ಸಂಜೆಗೆ ಸಿದ್ಧನಿಲ್ಲ.

ಈಗ ಪುಸ್ತಕ ಮುಚ್ಚಿದಳು. ನನ್ನನ್ನೇ ನೋಡುತ್ತಿದ್ದಾಳೆ.

"ಅಪ್ಪಾ, ಏನು ಬರೀತಿದ್ದೀಯಾ?"

"ಏನಿಲ್ಲ ಪುಟ್ಟಾ."

"ಹಾಗಾದ್ರೆ ಬಾ, ಸುಮ್ನೆ ಒಂದು ರೌಂಡ್ ಹೋಗಿ ಬರೋಣ. ಏನೂ ತಗೋಬೇಡ."

ಏನೂ ತೆಗೆದುಕೊಳ್ಳದೆ, ಇಬ್ಬರೇ, ಬೀದಿಗೆ... ಆಗಲೇ ಚಪ್ಪಲಿ ಹಾಕಿಕೊಂಡಳು. ಕತ್ತಲಾದರೆ ಟಾ—