ಆ ಸಂಜೆ ವಯೋಲಾ ನುಡಿಸಿದವಳು

ಸಿನ್ಸಿನಾಟಿ
ಮೇ ೧೧, ಭಾನುವಾರ

ಪ್ರೀತಿಯ ರೋವೆನಾ ಅಕ್ಕ,

ಹೇಗಿದ್ದೀಯೆ? ವಿಚಿಟಾದ ಒಣಗಾಳಿಗೆ ನಿನ್ನ ಕೆಮ್ಮು ಇನ್ನೂ ಬಿಟ್ಟಿಲ್ಲವೆಂದು ಚರ್ಚಿನಲ್ಲಿ ಯಾರೋ ಹೇಳಿದರು. ನೀನು ಮಾರ್ಚ್‌ನಲ್ಲಿ ಕೇಳಿದ್ದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಪಾಠಗಳು ಹೆಚ್ಚಿದ್ದವು, ಮಗಳು ಅಮಿಗೆ ಪರೀಕ್ಷೆಯಿತ್ತು ಎಂದೆಲ್ಲ ಬರೆದು ಒಂದು ಹಾಳೆ ಹರಿದುಹಾಕಿದೆ. ಬಿಡುವು ಇತ್ತು, ಅಕ್ಕ.

ಈ ದೇಶದಲ್ಲೇ ಕಾಯಂ ನೆಲೆಸಲು ಹಾಕಿದ್ದ ನನ್ನ ಅರ್ಜಿಗೆ ಒಪ್ಪಿಗೆ ಸಿಕ್ಕಿತು. ವಕೀಲ ಬೆನಿಟೆಜ್ ಫೋನಿನಲ್ಲಿ ಕೂಗಿದರು: "ಮೇಡಂ, ಈ ದೇಶಕ್ಕೆ ನೀವು ಬೇಕೇ ಬೇಕಂತೆ!" ರೋಡೆಲ್ ಗಂಡನೆಂಬ ಹೆಮ್ಮೆಯಲ್ಲಿ ಅಕ್ಕಪಕ್ಕದವರಿಗೆಲ್ಲ ಶಾವಿಗೆ ಮಾಡಿ ಹಂಚಿದ. ನಾನು ನಕ್ಕೆ, ಆಮೇಲೆ ಪಾತ್ರೆ ತೊಳೆದೆ.

ನಾವಿಬ್ಬರೂ ಒಟ್ಟಿಗೇ ಈ ಅರ್ಜಿಯ ಬಗ್ಗೆ ಕೇಳಿದ್ದು ನೆನಪಿದೆಯೆ? ನಮ್ಮಂಥವರಿಗೆ ಕಾಯಂ ಕೆಲಸ ಕೊಡುವ ಧಣಿಯಿಲ್ಲ. ಅರ್ಜಿಗೆ ಅಂಥ ಧಣಿ ಇರಲೇಬೇಕೆಂಬ ಷರತ್ತಿಗೆ ವಿನಾಯಿತಿ ಬೇಕಾದರೆ ನಮ್ಮ ವಾದನದಿಂದ ದೇಶಕ್ಕೇ ಲಾಭವೆಂದು ನಾವೇ ಸಾಬೀತು ಮಾಡಬೇಕು. ನೀನು ಹೊಟ್ಟೆ ಹಿಡಿದು ನಕ್ಕಿದ್ದೆ. "ವಯೋಲಾದೋರಿಂದ ದೇಶಕ್ಕೇನೇ ಲಾಭ? ಕಛೇರಿ ಮುಗಿದ್ಮೇಲೆ ಕುರ್ಚಿ ಮಡಚ್ತೀವಲ್ಲ, ಅದಾ?"

ನಾಲ್ವರ ಮೇಳದಲ್ಲಿ, ಪಿಟೀಲಿಗಿಂತ ತುಸು ದೊಡ್ಡದಾದ ಈ ವಯೋಲಾ ಹಿಡಿದು, ಉಳಿದ ಮೂವರ ನಡುವೆ ಕೇಳಿಸದಂತೆ ಬೆರೆಯುವುದನ್ನೇ ಜೀವನವಿಡೀ ಕಲಿತವಳು ನಾನು. ನನ್ನ ಹೆಸರು ಹಿಡಿದು ಯಾರೂ ಹೊಗಳಿರಲಿಲ್ಲ. ಕಾಗದಗಳನ್ನು ಕೆದಕುತ್ತಿದ್ದ ವಕೀಲರಿಗೆ, ಚರ್ಚಿನಲ್ಲಿ ನಮ್ಮ ಮೇಳ ನುಡಿಸಿದ ಆ ಸಂಜೆಯ ವಿಮರ್ಶೆ ಸಿಕ್ಕಿತು. ವಯೋಲಾ ಒಂಟಿಯಾಗಿ ನುಡಿಯುವ ಜಾಗದಲ್ಲಿ ಇಡೀ ಸಭೆ ಉಸಿರು ಬಿಗಿಹಿಡಿದಿತ್ತು ಎಂದು ಪತ್ರಿಕೆಯವನು ಬರೆದಿದ್ದ, ಹೆಸರು ಬರೆದಿರಲಿಲ್ಲ. ಅಚ್ಚಾದ ಕಾರ್ಯಕ್ರಮಪಟ್ಟಿಯಲ್ಲಿ ಮಾತ್ರ ನನ್ನ ಹೆಸರಿತ್ತು. ನನಗೆ ಜ್ವರ ಬಂದದ್ದು, ನನ್ನ ಬದಲು ನೀನು ಕೂತದ್ದು, ಅದನ್ನು ಪಾದ್ರಿಗಳು ವೇದಿಕೆಯಿಂದ ಬಾಯಲ್ಲಿ ಹೇಳಿದ್ದು, ಇದು ಯಾವ ಕಾಗದದಲ್ಲೂ ಇಲ್ಲ.

"ಪಟ್ಟೀಲಿ ನಿಮ್ಮ ಹೆಸರಿದೆ, ವಿಮರ್ಶೇಲಿ ವಯೋಲಾ ಇದೆ. ಇಂಥದ್ದನ್ನ ಬಚ್ಚಿಟ್ಕೊಂಡು ಕೂತಿದೀರಲ್ರೀ!" ಎಂದರು ವಕೀಲರು.

ನಾನು ಪೆನ್ನು ತೆಗೆದುಕೊಂಡೆ. ಆ ವಿಮರ್ಶೆ ನನ್ನದೇ ಎಂದು ಹೇಳುವ ಅರ್ಜಿಯ ಕೆಳಗೆ ಸಹಿ ಹಾಕಿದೆ.

ಮಾರ್ಚ್‌ನಲ್ಲಿ ನೀನು ಫೋನ್ ಮಾಡಿದೆ. ನಿನ್ನ ಅರ್ಜಿಗೆ ಇನ್ನಷ್ಟು ಪುರಾವೆ ಕೇಳಿದ್ದಾರೆ, ಜೂನ್‌ನೊಳಗೆ ಕೊಡದಿದ್ದರೆ ನಮ್ಮ ದೇಶಕ್ಕೆ, ಇಲೋಯ್ಲೋಗೆ ಹಿಂತಿರುಗಬೇಕು ಎಂದೆ. "ಆ ಸಂಜೆ ನುಡಿಸಿದ್ದು ನಾನು ಅಂತ ಒಂದು ಸಾಲು ಬರ್ದುಕೊಡೇ. ಗ್ರೆಗ್‌ನ ಕೇಳ್ದೆ. ಮೊದಲ ಪಿಟೀಲಿನೋನು ನೋಡು, ಪಕ್ಕದಲ್ಲಿ ಯಾರು ಕೂತಿದ್ರು ಅಂತ ಅವನಿಗೆ ಯಾಕೆ ನೆನಪಿರುತ್ತೆ! ನಿನ್ನ ಕೇಳೋಕೂ ಸಂಕೋಚ ಕಣೆ, ಆದ್ರೆ ಇನ್ಯಾರಿದಾರೆ?" ಸಂಕೋಚಪಟ್ಟವಳು ನೀನು! ನಾನು "ಆಯ್ತಕ್ಕ, ಕಳಿಸ್ತೀನಿ" ಎಂದು ಫೋನ್ ಇಟ್ಟೆ. ಆಮೇಲೆ ನಿನ್ನ ಹೆಸರು ಫೋನಿನಲ್ಲಿ ಮೂಡಿದಾಗಲೆಲ್ಲ ಅದನ್ನು ಮಗುಚಿಡುತ್ತಿದ್ದೆ.

ಈ ಪತ್ರದ ಜೊತೆ ಆ ಹೇಳಿಕೆ ಇದೆ, ಸಹಿ ಮಾಡಿದ್ದೇನೆ. ನನ್ನ ಅರ್ಜಿಗೆ ಲಗತ್ತಿಸಿದ್ದೂ ಅದೇ ಸಂಜೆಯ ವಿಮರ್ಶೆಯೆಂದು ಅದರಲ್ಲಿ ಬರೆದಿದ್ದೇನೆ. ವಕೀಲರು ಸಿಡುಕಿದರು: "ತಲೆ ಕೆಟ್ಟಿದ್ಯಾ ಮೇಡಂ? ಕೈಗೆ ಬಂದಿದ್ದನ್ನ ನೀವೇ ಎಸೀತಿದೀರಲ್ಲ!" ರೋಡೆಲ್ ಮೂರು ದಿನದಿಂದ ಮಾತಾಡಿಲ್ಲ. ನನ್ನದು ಏನಾಗುತ್ತದೋ ಗೊತ್ತಿಲ್ಲ. ನೀನು ಮಾತ್ರ ತಡ ಮಾಡಬೇಡ, ನಾಳೆಯೇ ನಿನ್ನ ವಕೀಲರಿಗೆ ಕೊಡು. ಕ್ಷಮಿಸೆಂದು ಕೇಳಲು ನನಗೆ ಬಾಯಿಲ್ಲ.

ಹಿರಿಯರಿಗೆ ನಮಿಸುವ ನಮ್ಮ ಊರಿನ ರೀತಿಯಲ್ಲಿ, ಇಲೋಯ್ಲೋದಲ್ಲಿರುವ ನಿನ್ನ ಅಮ್ಮನ ಕೈಯನ್ನು ನನ್ನ ಹಣೆಗೆ ಒತ್ತಿಕೊಂಡೆನೆಂದು ಅವರಿಗೆ ಹೇಳು. ದೇವರು ನಿನ್ನ ಕೈಬೆರಳುಗಳನ್ನು ಕಾಯಲಿ.

ನಿನ್ನ
ಲಿಗಾಯಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲಾಗಲಿಲ್ಲ. ಆ ಸಂಜೆಯ ಧ್ವನಿಮುದ್ರಣ ಚಳಿಗಾಲದಲ್ಲಿ ಅಮಿಯ ಕೈಗೆ ಸಿಕ್ಕಿತ್ತು. "ಮಮ್ಮಾ, ಇದು ನೀನಾ?" ಎಂದಳು. ಹೌದೆಂದೆ. ಅಂದಿನಿಂದ ಅದರ ಜೊತೆಗೇ ನುಡಿಸಿ ನುಡಿಸಿ, ಕೊನೆಯ ಸ್ವರಕ್ಕೆ ಮುಂಚೆ ನೀನು ಕಮಾನು ತಡೆಯುವ ರೀತಿಯನ್ನೂ ಕಲಿತಳು. ನಾನು ಪಕ್ಕದಲ್ಲಿ ಕೂತು, ಅದು ನನ್ನದೇ ಎಂಬಂತೆ ತಿದ್ದುತ್ತಿದ್ದೆ. ನಿನ್ನೆ ನಿಜ ಹೇಳಿದೆ. ಅವಳು ಅಳಲಿಲ್ಲ, ಬೈಯಲಿಲ್ಲ. ವಯೋಲಾವನ್ನು ನನ್ನ ಕೈಗೆ ಕೊಟ್ಟು ಕೇಳಿದಳು: "ಹಾಗಾದ್ರೆ ನೀನು ಹೆಂಗೆ ನುಡಿಸ್ತೀಯ, ಮಮ್ಮಾ?"