ಹಡಗುಕಟ್ಟೆಯ ಕೊನೆ ಮಾತು

ಮಧುಗಿರಿ
12-2-2025

ಗೆಳೆಯ ರೇಣುಕಯ್ಯಂಗೆ ತಿಪ್ಪೇರುದ್ರನ ನಮಸ್ಕಾರ.

ಎಲ್ಲಾರೂ ಚೆನ್ನಾಗಿದ್ದೀವಿ ಅಂತ ಬರೆಯೋಕೆ ಕೈ ಬರ್ತಿಲ್ಲ ಕಣ್ಲಾ. ನಲವತ್ತಾರು ವರ್ಷ ಒಂದು ಕಾರ್ಡೂ ಹಾಕದೋನು ಈಗ ಬರೀತಿದ್ದೀನಿ. ನಿನ್ನ ಹೆಂಡ್ತಿ ತೀರಿಹೋದ ಸುದ್ದಿ ನೀನಿರೋ ತಾವರೆಕೆರೆಯಿಂದ ಬಂದಾಗಲೂ ನಿನ್ನ ಮುಂದೆ ನಿಂತ್ಕೊಳ್ಳೋ ಧೈರ್ಯ ಆಗಲಿಲ್ಲ. ಬೈಯೋದಿದ್ರೆ ಬೈಯಿ, ಆದ್ರೆ ಕಾಗದ ಪೂರ್ತಿ ಓದು.

ನನ್ನ ಹೆಂಡ್ತಿ ಶಿವಲಕ್ಷ್ಮಿಗೆ ಎರಡೂ ಕಿಡ್ನಿ ಹೋಗವೆ. ಸಕ್ಕರೆ ಕಾಯಿಲೆ ಕಣ್ಣನ್ನೂ ತಿಂದಾಕ್ತು. ಡಯಾಲಿಸಿಸ್ ಇನ್ನು ಸಾಕು ಅಂತ ಅವಳೇ ನಿಲ್ಲಿಸ್ಬುಟ್ಲು. ಡಾಕ್ಟ್ರು ಹತ್ತು ದಿನ ಅಂದ್ರು, ಅದರಲ್ಲಿ ಮೂರು ಆಗಲೇ ಮುಗೀತು. ನನ್ನ ಪಾಡು ಕೇಳ್ತೀಯಾ? ಬೀಡಿ ಸೇದಿ ಸೇದಿ ಗಂಟಲಲ್ಲಿ ಗಡ್ಡೆ ಆಗಿ, ಹೋದ ವರ್ಷ ಧ್ವನಿಪೆಟ್ಟಿಗೇನೇ ತೆಗೆದ್ರು. ಸಿನಿಮಾ ಟೆಂಟ್ ತುಂಬಾ ಮೈಕಲ್ಲಿ ಕೂಗ್ತಿದ್ದ ಬಾಯಿಂದ ಈಗ ಬುಸ್ ಅಂತ ಗಾಳಿ ಬಿಟ್ರೆ ಏನೂ ಬರಲ್ಲ. ಇಲ್ದಿದ್ರೆ ಫೋನೇ ಮಾಡ್ತಿದ್ದೆ.

ನಮ್ಮ ಟೆಂಟ್ ನೆಪ್ಪೈತಾ? ಬೆಟ್ಟದ ಬುಡದಲ್ಲಿ, ಭಾನುವಾರಕ್ಕೊಂದು ಇಂಗ್ಲಿಷ್ ಸಿನಿಮಾ, ಎಲ್ಲಾ ಸವೆದ ಹಳೇ ಪ್ರಿಂಟು. ಪಿಯುಸಿ ಓದಿದ್ದ ನೀನು ಪ್ರೊಜೆಕ್ಟರ್ ರೂಮಲ್ಲಿ ಮುಂಚೇನೇ ಒಂದ್ಸಲ ಓಡಿಸಿ ನೋಡಿ, ಮಾತನ್ನೆಲ್ಲಾ ಕನ್ನಡದಲ್ಲಿ ಬರೆದುಕೊಡ್ತಿದ್ದೆ. ನಾನು ಪರದೆ ಪಕ್ಕ ನಿಂತು ಜನಕ್ಕೆ ಓದಿ ಹೇಳ್ತಿದ್ದೆ. ಗ್ರೆಗರಿ ಪೆಕ್ ನಮ್ಮ ಜನದ ಬಾಯಲ್ಲಿ ಪೆಕ್ಕಣ್ಣ ಆಗೋಗಿದ್ದ. ಇಂಗ್ರಿಡ್ ಬರ್ಗ್‌ಮನ್ ಅತ್ರೆ ಹೆಂಗಸರ ಕಡೆಯಿಂದ "ಅಳಬ್ಯಾಡ ಕಣವ್ವ" ಅಂತ ಕೂಗು ಬರೋದು. ಆ ಕಪ್ಪು ಬಿಳುಪಲ್ಲಿ ಅವರ ಮುಖದ ಮೇಲೆ ಬೀಳ್ತಿದ್ದಂಥ ಬೆಳಕು ಆಮೇಲೆ ಯಾವ ಸಿನಿಮಾದಲ್ಲೂ ನಾನು ಕಾಣಲಿಲ್ಲ.

ಈಗ ಮಗಳು ಅನುಪಮಾ ತಾಯಿ ದಿಂಬಿನ ಪಕ್ಕ ಫೋನಿಟ್ಟು ಆ ಹಳೇವನ್ನೇ ಹಾಕ್ತಾಳೆ. ಶಿವಲಕ್ಷ್ಮಿಗೆ ಒಂದು ಮಾತೂ ಅರ್ಥ ಆಗಲ್ಲ, ಆದ್ರೂ "ಇದು ಪೆಕ್ಕಣ್ಣನ ಗಂಟಲೇ" ಅಂತ ಗುರುತು ಹಿಡೀತಾಳೆ. ಮೊನ್ನೆ ಇದ್ದಕ್ಕಿದ್ದಂಗೆ ನನ್ನ ಕೈ ಹಿಡ್ಕೊಂಡ್ಲು.

"ರೀ, ಆ ಹಡಗಿನ ಸಿನಿಮಾ ಕೊನೇಲಿ, ಹಡಗುಕಟ್ಟೆ ಮೇಲೆ ನಿಂತು ಆ ಹೀರೋ ಅಷ್ಟೊತ್ತು ತುಟಿ ಆಡಿಸ್ದ. ನೀವು ಮೈಕಲ್ಲಿ ಅಂದಿದ್ದು 'ಸುಖವಾಗಿರು, ನನ್ನ ಮರೆತುಬುಡು' ಅಂತ ಎರಡೇ ಮಾತು. ಮಿಕ್ಕಿದ್ದೇನು?"

ಅನುಪಮಾ ಎಷ್ಟು ಹುಡುಕಿದ್ರೂ ಆ ಸಿನಿಮಾ ಸಿಗಲಿಲ್ಲ. ಇವಳು ಎಚ್ಚರ ಆದಾಗೆಲ್ಲಾ ಅದನ್ನೇ ಕೇಳ್ತಾಳೆ. ಬರೆದು ತೋರಿಸೋಣ ಅಂದ್ರೆ ಅವಳಿಗೆ ಕಣ್ಣಿಲ್ಲ, ಹೇಳೋಣ ಅಂದ್ರೆ ನನಗೆ ಬಾಯಿಲ್ಲ. ಮಗಳ ಬಾಯಿಂದ ಮಾತ್ರ ಆ ಮಾತು ಬರಬಾರದು. ಯಾಕೆ ಅಂತ ಕೊನೇಲಿ ಬರೆದಿದ್ದೀನಿ.

ಈ ಕಾಗದ ತಂದಿರೋನು ನನ್ನ ಅಳಿಯ ಪ್ರಸನ್ನ ಕುಮಾರ್. ಅವನಿಗೇನೂ ಗೊತ್ತಿಲ್ಲ. ಓದಿದ ತಕ್ಷಣ ಅವನ ಕಾರಲ್ಲೇ ಹತ್ತಿ ಬಂದ್ಬುಡು. ನಾಳೆ ನಾಡಿದ್ದು ಅನ್ನಬ್ಯಾಡ, ನಿನ್ನ ಕಾಲಿಗೆ ಬೀಳ್ತೀನಿ. ಅವಳ ಪಕ್ಕ ಕೂತು ಆ ಮಾತು ಹೇಳು. ನಾನು ಆಚೆ ಜಗಲಿ ಮೇಲೆ ಕೂತಿರ್ತೀನಿ, ಒಳಕ್ಕೆ ಬರಲ್ಲ.

ನಿನ್ನ ಮಕ್ಕಳು ಮೊಮ್ಮಕ್ಕಳನ್ನ ದೇವರು ಚೆನ್ನಾಗಿಟ್ಟಿರಲಿ.

ಇಂತಿ, ನಿನಗೆ ಮುಖ ತೋರಿಸೋ ಯೋಗ್ಯತೆ ಇಲ್ಲದ
ತಿಪ್ಪೇರುದ್ರ

ತಾ.ಕ.: ಆ ಸಿನಿಮಾದ ಕೊನೇ ಹಾಳೆ ಇದರ ಜೊತೆ ಇಟ್ಟಿದ್ದೀನಿ. ನಿನ್ನ ಅಕ್ಷರವೇ. "ಹೋಗಬೇಡ. ಸೋಮವಾರ ಬೆಳಗ್ಗೆ ಆರೂಕಾಲಿಗೆ ಹಡಗು ಹೊರಡುತ್ತೆ, ಬಂದುಬಿಡು. ನಾನು ಕಾಯ್ತಿರ್ತೀನಿ." ಇಂಗ್ಲಿಷಿನೋರ ಹಡಗು ಪಾವಗಡದ ಮೊದಲನೇ ಬಸ್ಸಿನ ಟೈಮಿಗೆ ಯಾಕೆ ಹೊರಡುತ್ತೆ ಅಂತ ಮೈಕ್ ಮುಂದೆ ನಿಂತಾಗಲೇ ನನಗೆ ಹೊಳೀತು. ಹೆಂಗಸರ ಕಡೆ ತಿರುಗಿ ನೋಡಿದೆ. ಎಲ್ಲಾರೂ ಪರದೆ ನೋಡ್ತಿದ್ರು, ಶಿವಲಕ್ಷ್ಮಿ ಒಬ್ಳೇ ನನ್ನ ಬಾಯಿ ನೋಡ್ತಿದ್ಲು. ನನಗೂ ಅವಳು ಬೇಕಾಗಿದ್ಲು ಕಣೋ. ಹಾಳೆ ಮಡಿಸಿ ಜೇಬಿಗಿಟ್ಟು, ಬಾಯಿಗೆ ಬಂದಿದ್ದು ಅಂದೆ. ಸೋಮವಾರ ನೀನು ಬಸ್ ಸ್ಟ್ಯಾಂಡಲ್ಲಿ ಕಾದೆ, ಅವಳು ಬರಲಿಲ್ಲ ಅಂತ ಊರೇ ಬುಟ್ಟೋದೆ. ಅವಳು ಬ್ಯಾಡ ಅನ್ನಲಿಲ್ಲ ಕಣ್ಲಾ. ಅವಳಿಗೆ ನಾನು ಹೇಳಲೇ ಇಲ್ಲ.